ಸಾವಯವ ಬಿಳಿ ವೈನ್: ಒಂದು ಕುಟುಂಬದ ತೋಟದಿಂದ ಕಲಿಯಬೇಕಾದುದು

ದ್ರಾಕ್ಷಿ ಬೆಳೆಗಾರರಿಗೆ ಔಷಧಿ ಸಿಂಪರಣೆಯ ಬಗ್ಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅಕ್ಟೋಬರ್ ಚಾಟನಿ ಮುಗಿದು ಚಿಗುರು ಒಡೆಯುವುದೇ ತಡ, ಆಕಾಶದಲ್ಲಿ ಮೋಡ ಕಂಡರೆ ಸಾಕು, ಸಿಂಪರಣೆಯ ಪಂಪು ಹೊರಗೆ ಬರುತ್ತದೆ. ಬೂಜು ತುಪ್ಪಟ ರೋಗ, ಬೂದಿ ರೋಗ, ಚಿಬ್ಬು ರೋಗ ಒಂದರ ಹಿಂದೆ ಒಂದು ಬರುತ್ತವೆ. ಔಷಧಿಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ. ಹಣ್ಣಿನಲ್ಲಿ ಉಳಿಯುವ ರಾಸಾಯನಿಕ ಶೇಷದ ಭಯ ಬೇರೆ. 2010ರಲ್ಲಿ ನಮ್ಮ ದೇಶದ ದ್ರಾಕ್ಷಿ ಯೂರೋಪಿನ ಬಂದರುಗಳಲ್ಲಿ ಕ್ಲೋರ್‌ಮೆಕ್ವಾಟ್ ಶೇಷದ ಕಾರಣದಿಂದ ತಿರಸ್ಕೃತವಾದುದನ್ನು ಅನೇಕ ಬೆಳೆಗಾರರು ಇನ್ನೂ ಮರೆತಿಲ್ಲ.

ಹೀಗಿರುವಾಗ, ರಾಸಾಯನಿಕ ಗೊಬ್ಬರ ಹಾಗೂ ಕಳೆನಾಶಕಗಳಿಲ್ಲದೆ ದ್ರಾಕ್ಷಿ ಬೆಳೆದು, ಅದರಿಂದ ಆದಷ್ಟು ಕಡಿಮೆ ಸೇರ್ಪಡೆಗಳೊಡನೆ ಬಿಳಿ ವೈನ್ ತಯಾರಿಸಿ, ಒಂದು ಕುಟುಂಬ ನೆಮ್ಮದಿಯಿಂದ ಬದುಕಲು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಸಾಧ್ಯ ಎಂಬುದಕ್ಕೆ ಫ್ರಾನ್ಸ್ ದೇಶದ ಒಂದು ತೋಟ ನಲವತ್ತು ವರ್ಷಗಳಿಗೂ ಮೀರಿದ ಉದಾಹರಣೆಯಾಗಿದೆ. ಆದರೆ ಯಾವ ಯಾವ ಕಾರಣಗಳಿಂದ ಅಲ್ಲಿ ಸಾಧ್ಯವಾಯಿತು, ಅವುಗಳಲ್ಲಿ ಯಾವುವು ನಮಗೆ ಅನ್ವಯಿಸುತ್ತವೆ, ಯಾವುವು ಅನ್ವಯಿಸುವುದಿಲ್ಲ ಎಂಬುದನ್ನು ವಿಂಗಡಿಸಿ ನೋಡದೆ ಅನುಕರಿಸಿದರೆ ನಷ್ಟ ಖಂಡಿತ. ಆ ವಿಂಗಡಣೆಯೇ ಈ ಲೇಖನದ ಉದ್ದೇಶ.

ತೋಟದ ಪರಿಚಯ

ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ ಹರಿಯುವ ಲ್ವಾರ್ ನದಿಯ ಉತ್ತರ ದಡದಲ್ಲಿ, ಆಂಜೆ ಪಟ್ಟಣದ ಸಮೀಪ ಸಾವೆನ್ಯೇರ್ ಎಂಬ ಹಳ್ಳಿ ಇದೆ. ಅದರ ಬಳಿಯ ಇಳಿಜಾರಿನಲ್ಲಿ ‘ಕುಲೆ ದ ಸೆರಾನ್’ ಎಂಬ ಸುಮಾರು 7 ಹೆಕ್ಟೇರ್, ಅಂದರೆ ಸುಮಾರು 17 ಎಕರೆಯ ದ್ರಾಕ್ಷಿ ತೋಟವಿದೆ. ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು 1130ರಲ್ಲಿ ಇಲ್ಲಿ ದ್ರಾಕ್ಷಿ ನೆಟ್ಟರೆಂದೂ ಅಂದಿನಿಂದ ಈ ನೆಲದಲ್ಲಿ ದ್ರಾಕ್ಷಿ ಬಿಟ್ಟು ಬೇರೆ ಬೆಳೆ ಬಂದಿಲ್ಲವೆಂದೂ ತೋಟದ ಇತಿಹಾಸ ಹೇಳುತ್ತದೆ. ನೆಲ ದಕ್ಷಿಣಕ್ಕೆ ಇಳಿಜಾರು. ಮಣ್ಣು ತೆಳು, ಅದರ ಕೆಳಗೆ ಪದರ ಪದರವಾದ ಕಲ್ಲು. ಬೆಳೆಯುವ ತಳಿ ಶೆನಿನ್ ಬ್ಲಾಂಕ್ ಒಂದೇ. ನಾಸಿಕ್ ಪ್ರದೇಶದಲ್ಲಿಯೂ ನಮ್ಮ ನಂದಿ ಬೆಟ್ಟದ ಸುತ್ತಮುತ್ತಲೂ ವೈನಿಗಾಗಿ ಬೆಳೆಯುವ ಬಿಳಿ ತಳಿಗಳಲ್ಲಿ ಇದೂ ಒಂದಾದ್ದರಿಂದ ಈ ತೋಟದ ಅನುಭವ ನಮಗೆ ತೀರ ದೂರದ್ದಲ್ಲ.

1962ರಲ್ಲಿ ಈ ತೋಟವನ್ನು ಜೋಲಿ ಎಂಬ ಕುಟುಂಬ ಕೊಂಡಿತು. ಮಗ ನಿಕೊಲಾ ಜೋಲಿ ಅಮೆರಿಕದ ಬ್ಯಾಂಕೊಂದರ ಕೆಲಸ ಬಿಟ್ಟು 1977ರಲ್ಲಿ ತೋಟಕ್ಕೆ ಮರಳಿದರು. ಆ ಕಾಲದ ರೂಢಿಯಂತೆ ಅವರಿಗೂ ಕಳೆನಾಶಕ ಬಳಸಿದರೆ ಕೂಲಿಯ ಖರ್ಚು ಬಹಳ ಉಳಿಯುವುದೆಂಬ ಸಲಹೆ ದೊರೆಯಿತು. ಅದರಂತೆ ನಡೆದು ಎರಡು ವರ್ಷ ಕಳೆಯುವಷ್ಟರಲ್ಲಿ ಮಣ್ಣಿನ ಬಣ್ಣ ಬದಲಾಯಿತು, ಹುಳುಹುಪ್ಪಟೆಗಳು ಕಾಣೆಯಾದವು ಎಂದು ಅವರೇ ಬರೆದಿದ್ದಾರೆ. 1980ರ ಸುಮಾರಿಗೆ ತೋಟದ ಒಂದು ಭಾಗದಲ್ಲಿ ಬೇರೆ ವಿಧಾನದ ಪ್ರಯೋಗ ಆರಂಭಿಸಿ, 1984ರ ಹೊತ್ತಿಗೆ ಇಡೀ ತೋಟವನ್ನು ಅದಕ್ಕೆ ಒಳಪಡಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅವರು ಇಡೀ ತೋಟವನ್ನು ಒಮ್ಮೆಗೇ ಬದಲಾಯಿಸಲಿಲ್ಲ. ಮೊದಲು ಸ್ವಲ್ಪ ಭಾಗದಲ್ಲಿ ಮಾಡಿ ನೋಡಿದರು. ಮುಂದೆ ಅವರ ಮಗಳು ವಿರ್ಜಿನಿ ತೋಟದ ಹಾಗೂ ವೈನ್ ತಯಾರಿಕೆಯ ಹೊಣೆ ಹೊತ್ತರು. ಅಕ್ಕಪಕ್ಕದ ತಾಕುಗಳೂ ಸೇರಿ ಕುಟುಂಬದ ಒಟ್ಟು ದ್ರಾಕ್ಷಿ ತೋಟ ಸುಮಾರು 15 ಹೆಕ್ಟೇರ್.

ತೋಟದ ನಿರ್ವಹಣೆ

ಈ ತೋಟದಲ್ಲಿ ರಾಸಾಯನಿಕ ಗೊಬ್ಬರ, ಕಳೆನಾಶಕ ಮತ್ತು ಗಿಡದ ಒಳಗೆ ಸೇರಿ ಹರಡುವ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳನ್ನು ಬಳಸುವುದಿಲ್ಲ. ಗೊಬ್ಬರಕ್ಕೆ ತಮ್ಮದೇ ದನಗಳ ಸಗಣಿಯಿಂದ ಮಾಡಿದ ಕಾಂಪೋಸ್ಟ್. ಕಡಿದಾದ ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಬದಲು ಕುದುರೆಯಿಂದ ಉಳುಮೆ. ಇದು ಆಡಂಬರವಲ್ಲ. ಭಾರವಾದ ಯಂತ್ರ ತೇವದ ಮಣ್ಣಿನ ಮೇಲೆ ಮತ್ತೆ ಮತ್ತೆ ಓಡಾಡಿದರೆ ಮಣ್ಣು ಒತ್ತೊತ್ತಾಗಿ ಗಟ್ಟಿಯಾಗುತ್ತದೆ, ನೀರು ಒಳಗೆ ಇಂಗದೆ ಇಳಿಜಾರಿನಲ್ಲಿ ಮೇಲ್ಮಣ್ಣನ್ನು ಹೊತ್ತು ಹರಿಯುತ್ತದೆ.

ಇವುಗಳ ಜೊತೆಗೆ ಈ ಕುಟುಂಬ ಅನುಸರಿಸುವ ಪದ್ಧತಿಗೆ ‘ಬಯೋಡೈನಾಮಿಕ್’ ಎಂದು ಹೆಸರು. ರುಡಾಲ್ಫ್ ಸ್ಟೈನರ್ ಎಂಬುವರು 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಇದು ಹುಟ್ಟಿತು. ಹಸುವಿನ ಕೊಂಬಿನಲ್ಲಿ ಸಗಣಿ ತುಂಬಿ ಚಳಿಗಾಲವಿಡೀ ನೆಲದಲ್ಲಿ ಹೂತಿಟ್ಟು, ಅನಂತರ ಅದನ್ನು ಹೊರತೆಗೆದು, ಸ್ವಲ್ಪವನ್ನು ನೀರಿನಲ್ಲಿ ಒಂದು ಗಂಟೆ ಕಾಲ ಕಡೆದು ನೆಲಕ್ಕೆ ಸಿಂಪಡಿಸುವುದು, ಚಂದ್ರನ ಹಾಗೂ ಗ್ರಹಗಳ ಸ್ಥಾನ ನೋಡಿ ಕೆಲಸ ಮಾಡುವುದು ಇದರ ಕ್ರಮಗಳು. ಈ ವಿಚಾರದಲ್ಲಿ ವಿಜ್ಞಾನ ಏನು ಹೇಳುತ್ತದೆ ಎಂದು ನೀವು ಕೇಳಬಹುದು.

ಜರ್ಮನಿಯ ಗೈಸನ್‌ಹೈಮ್ ಸಂಶೋಧನಾ ಸಂಸ್ಥೆಯಲ್ಲಿ 2006ರಲ್ಲಿ ರೀಸ್ಲಿಂಗ್ ತಳಿಯ ಮೇಲೆ ಒಂದು ಪ್ರಯೋಗ ಆರಂಭವಾಯಿತು. ಅದರಲ್ಲಿ ಸಮಗ್ರ ಪದ್ಧತಿ, ಸಾವಯವ ಪದ್ಧತಿ, ಬಯೋಡೈನಾಮಿಕ್ ಪದ್ಧತಿ ಮೂರನ್ನೂ ಹೋಲಿಸಿ ನೋಡಲಾಯಿತು. ರಾಸಾಯನಿಕ ಬಿಟ್ಟ ಎರಡು ಪದ್ಧತಿಗಳಲ್ಲಿಯೂ ಬಳ್ಳಿಯ ಬೆಳವಣಿಗೆ ಮತ್ತು ಇಳುವರಿ ಕಡಿಮೆಯಾಯಿತು. ರಸದ ಗುಣಮಟ್ಟದಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ 1978ರಿಂದ ನಡೆಯುತ್ತಿರುವ ದೀರ್ಘಾವಧಿ ಪ್ರಯೋಗದಲ್ಲಿ, ಬೇರೆ ಬೆಳೆಗಳ ಮೇಲೆ, ಮೊದಲ 21 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅಲ್ಲಿ ಸಾವಯವ ವಿಧಾನಗಳಲ್ಲಿ ಇಳುವರಿ ಸರಾಸರಿ ಶೇಕಡ 20ರಷ್ಟು ಕಡಿಮೆ. ಆದರೆ ಮಣ್ಣಿನ ಜೀವಿಗಳೂ ಎರೆಹುಳುಗಳೂ ಹೆಚ್ಚು. ಒಟ್ಟಿನಲ್ಲಿ ಕಾಂಪೋಸ್ಟ್, ಹೊದಿಕೆ ಬೆಳೆ, ಮಣ್ಣನ್ನು ತುಳಿಯದಿರುವುದು ಇವುಗಳ ಲಾಭಕ್ಕೆ ಆಧಾರವಿದೆ. ಕೊಂಬಿಗಾಗಲಿ ಗ್ರಹಗತಿಗಾಗಲಿ ಪ್ರತ್ಯೇಕವಾದ ಲಾಭ ಸಿದ್ಧಪಟ್ಟಿಲ್ಲ. ಕೊಂಬಿನ ಗೊಬ್ಬರ ಮಾಡಿದವರು ತಪ್ಪದೆ ತೋಟದೊಳಗೆ ನಡೆದಾಡುತ್ತಾರೆ, ಬಳ್ಳಿಗಳನ್ನು ಒಂದೊಂದಾಗಿ ನೋಡುತ್ತಾರೆ ಎಂಬುದೇ ಒಂದು ದೊಡ್ಡ ಲಾಭವೆಂದು ಹೇಳಿದರೆ ತಪ್ಪಾಗಲಾರದು.

ತಾಮ್ರದ ಲೆಕ್ಕ

‘ಸಾವಯವ’ ಎಂದರೆ ಸಿಂಪರಣೆಯೇ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಸಾವಯವ ದ್ರಾಕ್ಷಿಯಲ್ಲಿ ಬೂದಿ ರೋಗಕ್ಕೆ ಗಂಧಕವನ್ನೂ ಬೂಜು ತುಪ್ಪಟ ರೋಗಕ್ಕೆ ಬೋರ್ಡೊ ದ್ರಾವಣದಂತಹ ತಾಮ್ರದ ಔಷಧಿಗಳನ್ನೂ ಬಳಸಲು ಅನುಮತಿ ಇದೆ. ಬೋರ್ಡೊ ದ್ರಾವಣವನ್ನು ಫ್ರಾನ್ಸಿನ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಚುರಪಡಿಸಿದರು. ಇದು ಎಲೆಯ ಮೇಲ್ಮೈಯಲ್ಲಿ ಮಾತ್ರ ನಿಲ್ಲುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ. ತೊಳೆದುಹೋದ ತಾಮ್ರ ಮಣ್ಣು ಸೇರಿ ಅಲ್ಲಿಯೇ ಉಳಿಯುತ್ತದೆ. ಅದು ಕೊಳೆಯುವ ವಸ್ತುವಲ್ಲ. ಹೆಚ್ಚಾದರೆ ಎರೆಹುಳುಗಳಿಗೂ ಉಪಕಾರಿ ಸೂಕ್ಷ್ಮಜೀವಿಗಳಿಗೂ ಹಾನಿ.

ಈ ಕಾರಣದಿಂದ ಯೂರೋಪಿನ ಒಕ್ಕೂಟವು 2019ರಿಂದ ತಾಮ್ರದ ಬಳಕೆಯನ್ನು 7 ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋಗ್ರಾಮಿಗೆ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋಗ್ರಾಮಿಗೆ ಮಿತಿಗೊಳಿಸಿತು. ಇದು ಎಷ್ಟು ಬಿಗಿಯಾದ ಮಿತಿ ಎಂಬುದನ್ನು ನೀವೇ ಲೆಕ್ಕ ಹಾಕಿ ನೋಡಿ. ಶೇಕಡ 1ರ ಬೋರ್ಡೊ ದ್ರಾವಣದ 100 ಲೀಟರಿಗೆ 1 ಕಿಲೋಗ್ರಾಂ ಮೈಲುತುತ್ತ ಬೇಕು. ಮೈಲುತುತ್ತದಲ್ಲಿ ತಾಮ್ರದ ಅಂಶ ಸುಮಾರು ಕಾಲು ಭಾಗ. ಹೆಕ್ಟೇರಿಗೆ 1000 ಲೀಟರ್, ಅಂದರೆ ಎಕರೆಗೆ 400 ಲೀಟರ್ ಸಿಂಪಡಿಸಿದರೆ ಒಂದೇ ಸಿಂಪರಣೆಯಲ್ಲಿ ಎರಡೂವರೆ ಕಿಲೋಗ್ರಾಂ ತಾಮ್ರ ಬಿದ್ದಂತಾಯಿತು. ಎರಡನೆಯ ಸಿಂಪರಣೆಗೇ ವರ್ಷದ ಸರಾಸರಿ ಮಿತಿ ದಾಟುತ್ತದೆ! ಆದ್ದರಿಂದ ಅಲ್ಲಿನ ಸಾವಯವ ಬೆಳೆಗಾರರು ತೀರ ತೆಳುವಾದ ದ್ರಾವಣವನ್ನು, ಮಳೆಯ ಮುನ್ಸೂಚನೆ ನೋಡಿಕೊಂಡು, ಮಳೆಗೆ ಮುಂಚೆಯೇ ಸಿಂಪಡಿಸುತ್ತಾರೆ.

ಇನ್ನು ಮಣ್ಣಿನ ಲೆಕ್ಕ. ಒಂದು ಹೆಕ್ಟೇರಿನ ಮೇಲಿನ 20 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 2,600 ಟನ್. ವರ್ಷಕ್ಕೆ 4 ಕಿಲೋಗ್ರಾಂ ತಾಮ್ರ ಸೇರಿದರೆ ಪ್ರತಿ ಕಿಲೋಗ್ರಾಂ ಮಣ್ಣಿನಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ ಏರಿಕೆ. ಒಂದು ವರ್ಷಕ್ಕೆ ಇದು ಅಲ್ಪವೆನಿಸಬಹುದು. 40 ವರ್ಷಗಳಲ್ಲಿ 60 ಮಿಲಿಗ್ರಾಂ. ತೋಟ ಮಗನಿಗೆ, ಮೊಮ್ಮಗನಿಗೆ ಹೋಗುವ ಆಸ್ತಿ ಎಂದಾದರೆ ಈ ಲೆಕ್ಕವನ್ನು ಇಂದೇ ಇಡಬೇಕು. ಔಷಧಿ ಸಾವಯವ ಪಟ್ಟಿಯಲ್ಲಿದೆ ಎಂದಮಾತ್ರಕ್ಕೆ ನಿರಪಾಯವಲ್ಲ.

ಕೊಯ್ಲು ಮತ್ತು ಇಳುವರಿ

ಶೆನಿನ್ ಬ್ಲಾಂಕ್ ತಳಿಯ ಗೊಂಚಲು ಬಲು ಒತ್ತು. ಒಂದೇ ಗೊಂಚಲಿನ ಕಾಯಿಗಳೂ ಒಟ್ಟಿಗೆ ಮಾಗುವುದಿಲ್ಲ. ಆದ್ದರಿಂದ ಈ ತೋಟದಲ್ಲಿ ಮೂರು ನಾಲ್ಕು ವಾರಗಳ ಅವಧಿಯಲ್ಲಿ ಹಲವು ಬಾರಿ ಸುತ್ತು ಹಾಕಿ, ಪ್ರತಿ ಬಾರಿಯೂ ಮಾಗಿದ ಹಣ್ಣನ್ನು ಮಾತ್ರ ಕೈಯಿಂದ ಆಯ್ದು ಕೊಯ್ಯುತ್ತಾರೆ. ಕೂಲಿ ಹೆಚ್ಚು ತಗಲುತ್ತದೆ. ಆದರೆ ಮುಂದೆ ಪೀಪಾಯಿಯಲ್ಲಿ ಔಷಧಿ ಹಾಕಿ ಸರಿಪಡಿಸಬೇಕಾದ ದೋಷಗಳು ಕೊಯ್ಲಿನಲ್ಲಿಯೇ ಬಿಟ್ಟುಹೋಗುತ್ತವೆ. ಕೊಳೆತ ಹಣ್ಣು, ಒಡೆದ ಹಣ್ಣು ಒಳಗೆ ಬಂದರೆ ಕಡಿಮೆ ಸೇರ್ಪಡೆಯ ವೈನ್ ಎಂಬ ಮಾತೇ ಇಲ್ಲ. ಈ ವಿಧಾನದ ಮೊದಲ ನಿಯಮ ಇದು.

ಇಳುವರಿ ಹೆಕ್ಟೇರಿಗೆ 2,000ರಿಂದ 2,500 ಲೀಟರ್ ವೈನ್. 100 ಕಿಲೋಗ್ರಾಂ ಹಣ್ಣಿನಿಂದ 60ರಿಂದ 70 ಲೀಟರ್ ರಸ ಬರುವುದೆಂದು ಇಟ್ಟುಕೊಂಡರೆ, ಎಕರೆಗೆ ಹಣ್ಣು ಸುಮಾರು ಒಂದೂವರೆ ಟನ್ ಮಾತ್ರ! ನಮ್ಮಲ್ಲಿ ತಿನ್ನುವ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ತೋಟಗಳಲ್ಲಿ ಎಕರೆಗೆ 8ರಿಂದ 10 ಟನ್ ಸಾಮಾನ್ಯ. 7 ಹೆಕ್ಟೇರಿನಿಂದ ಆ ಕುಟುಂಬಕ್ಕೆ ದೊರೆಯುವುದು 750 ಮಿಲಿಲೀಟರಿನ ಸುಮಾರು 18,000ದಿಂದ 23,000 ಬಾಟಲಿ. ಇಷ್ಟರಿಂದಲೇ ಬದುಕು ನಡೆಯುವುದು ಹೇಗೆ? ಅವರು ಹಣ್ಣು ಮಾರುವುದಿಲ್ಲ. ತಮ್ಮದೇ ಹೆಸರಿನ, ತಮ್ಮದೇ ನೆಲದ ವೈನ್ ಮಾರುತ್ತಾರೆ. ಅಲ್ಲಿನ ಕಾನೂನು ಈ ಒಂದು ತೋಟಕ್ಕೇ ಪ್ರತ್ಯೇಕವಾದ ಮೂಲಸ್ಥಾನದ ಮಾನ್ಯತೆ ನೀಡಿದೆ. ಆ ಹೆಸರನ್ನು ಬೇರೆ ಯಾರೂ ಬಳಸುವಂತಿಲ್ಲ. ಬೆಲೆ ಬರುವುದು ಆ ಹೆಸರಿಗೆ, ಅದರ ಹಿಂದಿರುವ ಶತಮಾನಗಳ ಖ್ಯಾತಿಗೆ.

ಈ ಮಾತನ್ನು ನಮ್ಮ ಬೆಳೆಗಾರರು ಎರಡು ಬಾರಿ ಓದಬೇಕು. ಕಾರ್ಖಾನೆಗೆ ಕಿಲೋಗ್ರಾಂ ಲೆಕ್ಕದಲ್ಲಿ ಹಣ್ಣು ಮಾರುವವರು ಇಳುವರಿಯನ್ನು ಇಷ್ಟು ಇಳಿಸಿದರೆ, ಅದೇ ಆದಾಯಕ್ಕೆ ಕಿಲೋಗ್ರಾಮಿಗೆ ಐದಾರು ಪಟ್ಟು ಬೆಲೆ ಬೇಕಾಗುತ್ತದೆ. ಖರೀದಿದಾರರು ಅಷ್ಟು ಕೊಡುವರೇ ಎಂಬುದನ್ನು ಲಿಖಿತ ಒಪ್ಪಂದದಲ್ಲಿ ಖಚಿತಪಡಿಸಿಕೊಳ್ಳದೆ ಈ ದಾರಿಗೆ ಕಾಲಿಡಬಾರದು.

ಪೀಪಾಯಿಯಲ್ಲಿ ನಡೆಯುವುದೇನು?

ಬಿಳಿ ವೈನಿಗೆ ಹಣ್ಣನ್ನು ಹಿಂಡಿ, ಸಿಪ್ಪೆ ಬೀಜಗಳನ್ನು ಬೇರ್ಪಡಿಸಿ, ಬರೀ ರಸವನ್ನು ಹುದುಗಿಸುತ್ತಾರೆ. ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿ ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನಾಗಿಯೂ ಬದಲಾಯಿಸುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡ 1ರಷ್ಟು ಮದ್ಯಸಾರ ಉಂಟಾಗುತ್ತದೆ. ಲೀಟರಿಗೆ 240 ಗ್ರಾಂ ಸಕ್ಕರೆ ಇರುವ ರಸದಿಂದ ಶೇಕಡ 14ರ ವೈನ್ ಬರುವುದು ಹೀಗೆ.

ಸಾಮಾನ್ಯವಾಗಿ ಕಾರ್ಖಾನೆಗಳಲ್ಲಿ ಆಯ್ದ ಯೀಸ್ಟನ್ನು ಪೊಟ್ಟಣದಿಂದ ಹಾಕುತ್ತಾರೆ. ಕಡಿಮೆ ಸೇರ್ಪಡೆಯ ವಿಧಾನದಲ್ಲಿ ತೋಟದಿಂದ ಹಣ್ಣಿನೊಡನೆ ಬಂದ, ಕೋಣೆಯಲ್ಲಿ ನೆಲೆಸಿರುವ ಯೀಸ್ಟುಗಳಿಗೇ ಕೆಲಸ ಬಿಡುತ್ತಾರೆ. ಮೊದಲು ಆರಂಭಿಸುವ ದುರ್ಬಲ ಜಾತಿಯ ಯೀಸ್ಟುಗಳು ಮದ್ಯಸಾರ ಶೇಕಡ 4–5ಕ್ಕೆ ಏರಿದಾಗ ಹಿಂದೆ ಸರಿಯುತ್ತವೆ. ಅನಂತರ ಗಟ್ಟಿಮುಟ್ಟಾದ ಜಾತಿ ಮೇಲುಗೈ ಸಾಧಿಸಿ ಕೆಲಸ ಮುಗಿಸುತ್ತದೆ. ಈ ಕೈಬದಲಾವಣೆ ಸುಸೂತ್ರವಾಗಿ ನಡೆದರೆ ರುಚಿಗೆ ವೈವಿಧ್ಯ. ನಡುವೆ ನಿಂತರೆ ಉಳಿದ ಸಕ್ಕರೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿನೆಗರಿನ ವಾಸನೆ ಬರುತ್ತದೆ. ನಿಲ್ಲುವುದಕ್ಕೆ ಒಂದು ಮುಖ್ಯ ಕಾರಣ ತೋಟದಲ್ಲಿಯೇ ಇರುತ್ತದೆ. ರಸದಲ್ಲಿ ಯೀಸ್ಟಿಗೆ ದಕ್ಕುವ ಸಾರಜನಕ ಲೀಟರಿಗೆ ಸುಮಾರು 140 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಹುದುಗುವಿಕೆ ನಿಧಾನವಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರಬಹುದು. ಸಾಲುಗಳ ನಡುವೆ ಬರೀ ಹುಲ್ಲನ್ನು ಬಿಟ್ಟ ಸಾವಯವ ತೋಟಗಳಲ್ಲಿ ಹುಲ್ಲು ಸಾರಜನಕಕ್ಕೆ ಬಳ್ಳಿಯೊಡನೆ ಪೈಪೋಟಿ ನಡೆಸುವುದರಿಂದ ಈ ಕೊರತೆ ಕಾಣಿಸಿಕೊಳ್ಳುತ್ತದೆ. ದ್ವಿದಳ ಜಾತಿಯ ಹಸಿರೆಲೆ ಗೊಬ್ಬರದ ಬೆಳೆ ಇದಕ್ಕೆ ಪರಿಹಾರ. ಕೊಯ್ಲಿಗೆ ಹತ್ತಿರದಲ್ಲಿ ಗಂಧಕ ಸಿಂಪಡಿಸಿದರೂ ಇದೇ ಕೆಟ್ಟ ವಾಸನೆ ಬರುವುದುಂಟು.

ಜೋಲಿ ಕುಟುಂಬದ ಕೋಣೆಯಲ್ಲಿ ರಸವನ್ನು ಹಳೆಯ ಮರದ ಪೀಪಾಯಿಗಳಲ್ಲಿ ಹುದುಗಿಸುತ್ತಾರೆ. ಯಂತ್ರದಿಂದ ತಂಪುಮಾಡುವುದಿಲ್ಲ. ಇದನ್ನು ಓದಿ ನಮ್ಮಲ್ಲಿಯೂ ತಂಪು ಬೇಕಿಲ್ಲವೆಂದು ತಿಳಿಯಬಾರದು. ಅಲ್ಲಿ ಕೊಯ್ಲು ಮುಗಿಯುವುದು ಚಳಿ ಇಳಿಯುವ ಅಕ್ಟೋಬರಿನಲ್ಲಿ. ಸಣ್ಣ ಪೀಪಾಯಿಯ ಬಿಸಿ ಮರದ ಮೂಲಕ ತಂಪಾದ ಕೋಣೆಗೆ ಹೋಗಿಬಿಡುತ್ತದೆ. ನಮ್ಮಲ್ಲಿ ಕೊಯ್ಲು ಫೆಬ್ರುವರಿ–ಮಾರ್ಚಿನಲ್ಲಿ. ಹಗಲಿನ ಉಷ್ಣತೆ 30 ಡಿಗ್ರಿ ಮೀರುತ್ತದೆ. ಬಿಳಿ ವೈನಿನ ಪರಿಮಳ ಉಳಿಯಬೇಕಾದರೆ ಹುದುಗುವ ರಸ 20 ಡಿಗ್ರಿಗಿಂತ ಕೆಳಗಿರಬೇಕು. ತಂಪುಮಾಡದಿರುವುದು ಅವರಿಗೆ ಹವೆ ಕೊಟ್ಟ ವರ. ನಮಗೆ ಆ ವರವಿಲ್ಲ.

ಗಂಧಕದ ಪ್ರಮಾಣ

ವೈನಿಗೆ ಹಾಕುವ ಮುಖ್ಯ ಸಂರಕ್ಷಕ ಗಂಧಕದ ಡೈ ಆಕ್ಸೈಡ್. ಇದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಗಾಳಿ ತಗಲಿ ಬಣ್ಣ ಕಂದುವುದನ್ನು ತಪ್ಪಿಸುತ್ತದೆ. ಯೂರೋಪಿನಲ್ಲಿ ಒಣ ಬಿಳಿ ವೈನಿಗೆ ಲೀಟರಿಗೆ 200 ಮಿಲಿಗ್ರಾಂ ಮಿತಿ. 2012ರಲ್ಲಿ ಜಾರಿಗೆ ಬಂದ ಸಾವಯವ ವೈನ್ ನಿಯಮದಂತೆ ಸಾವಯವ ಒಣ ಬಿಳಿ ವೈನಿಗೆ 150 ಮಿಲಿಗ್ರಾಂ. ಅದಕ್ಕೂ ಮುಂಚೆ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಬಹುದಿತ್ತು. 2020ರಲ್ಲಿ ಫ್ರಾನ್ಸಿನಲ್ಲಿ ‘ಸಹಜ ವಿಧಾನ’ದ ವೈನಿಗೆ ಒಂದು ಗುರುತುಚೀಟಿ ಬಂದಿತು. ಸಾವಯವ ಹಣ್ಣು, ಕೈಕೊಯ್ಲು, ತಾನಾಗಿ ಬಂದ ಯೀಸ್ಟ್ ಇರಬೇಕು. ಗಂಧಕ ಸೇರಿಸಿದರೂ ಲೀಟರಿಗೆ 30 ಮಿಲಿಗ್ರಾಮಿನೊಳಗೆ ಇರಬೇಕೆಂಬುದು ಅದರ ಷರತ್ತು.

ಗಂಧಕವನ್ನು ಎಷ್ಟು ಕಡಿಮೆ ಮಾಡಬಹುದೆಂಬುದು ತಯಾರಕನ ಆಸೆಯನ್ನು ಅವಲಂಬಿಸಿಲ್ಲ, ವೈನಿನ ರಸಸಾರವನ್ನು ಅವಲಂಬಿಸಿದೆ. ಹುಳಿ ಹೆಚ್ಚಿದ್ದರೆ, ಅಂದರೆ ರಸಸಾರ ಕಡಿಮೆಯಿದ್ದರೆ, ಸ್ವಲ್ಪ ಗಂಧಕವೇ ಸಾಕು. ಬಿಳಿ ವೈನಿನ ಪೂರ್ಣ ರಕ್ಷಣೆಗೆ ಬೇಕಾಗುವ ಮುಕ್ತ ಗಂಧಕದ ಡೈ ಆಕ್ಸೈಡಿನ ಅಂದಾಜು ಪ್ರಮಾಣ ಹೀಗಿದೆ:

ರಸಸಾರ 3.0 ಇದ್ದಾಗ: ಲೀಟರಿಗೆ 13 ಮಿಲಿಗ್ರಾಂ
ರಸಸಾರ 3.2 ಇದ್ದಾಗ: ಲೀಟರಿಗೆ 21 ಮಿಲಿಗ್ರಾಂ
ರಸಸಾರ 3.4 ಇದ್ದಾಗ: ಲೀಟರಿಗೆ 32 ಮಿಲಿಗ್ರಾಂ
ರಸಸಾರ 3.6 ಇದ್ದಾಗ: ಲೀಟರಿಗೆ 50 ಮಿಲಿಗ್ರಾಂ
ರಸಸಾರ 3.8 ಇದ್ದಾಗ: ಲೀಟರಿಗೆ 79 ಮಿಲಿಗ್ರಾಂ

ತಂಪು ಪ್ರದೇಶದ ಶೆನಿನ್ ಬ್ಲಾಂಕಿಗೆ ಹುಳಿ ಸ್ವಭಾವದಿಂದಲೇ ಹೆಚ್ಚು. ಬಿಸಿ ಪ್ರದೇಶದಲ್ಲಿ ಹಣ್ಣು ಮಾಗುವಾಗ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗಿ ರಸಸಾರ ಏರುತ್ತದೆ. ಪೊಟ್ಯಾಷ್ ಗೊಬ್ಬರವನ್ನು ಮಣ್ಣು ಪರೀಕ್ಷೆ ಇಲ್ಲದೆ ಸುರಿದರೂ ರಸಸಾರ ಏರುತ್ತದೆ. ಆದ್ದರಿಂದ ನಮ್ಮಲ್ಲಿ ಗಂಧಕ ಕಡಿಮೆ ಮಾಡುವ ಕೆಲಸ ಆರಂಭವಾಗುವುದು ಪೀಪಾಯಿಯ ಬಳಿಯಲ್ಲಲ್ಲ. ಗೊಬ್ಬರ ಹಾಕುವಾಗ ಮತ್ತು ಕೊಯ್ಲಿನ ದಿನ ಗೊತ್ತುಮಾಡುವಾಗ.

ಜೋಲಿ ಕುಟುಂಬದ ವೈನನ್ನೂ ಎಲ್ಲರೂ ಒಂದೇ ಸಮನಾಗಿ ಮೆಚ್ಚಿಲ್ಲ. ಕೆಲವು ವರ್ಷಗಳ ಬಾಟಲಿಗಳಲ್ಲಿ ಗಾಳಿ ತಗಲಿದ ರುಚಿ ಇದೆಯೆಂದು ಪರಿಣತರು ಟೀಕಿಸಿದ್ದಾರೆ. ಕುಡಿಯುವ ಒಂದು ದಿನ ಮುಂಚೆಯೇ ಬಾಟಲಿ ತೆರೆದಿಡಿ ಎಂಬುದು ತಯಾರಕರ ಸಲಹೆ. ವರ್ಷಕ್ಕೆ ವರ್ಷ ಒಂದೇ ರುಚಿ ಬಯಸುವ ಮಾರುಕಟ್ಟೆಗೆ ಇಂಥ ವೈನ್ ಹೊಂದುವುದಿಲ್ಲ.

ಹವೆಯ ಅಪಾಯ

2021ರ ಏಪ್ರಿಲಿನಲ್ಲಿ ಫ್ರಾನ್ಸಿನ ಬಹುಭಾಗದಲ್ಲಿ ಬಿದ್ದ ಹಿಮ ಎಳೆಯ ಚಿಗುರುಗಳನ್ನು ಸುಟ್ಟಿತು; ಲ್ವಾರ್ ಪ್ರದೇಶವೂ ನಷ್ಟ ಅನುಭವಿಸಿತು. ಹಿಮಕ್ಕೆ ಸಾವಯವ ತೋಟ, ರಾಸಾಯನಿಕ ತೋಟ ಎಂಬ ಭೇದವಿಲ್ಲ. ಆದರೆ ಒಂದೇ ಬೆಳೆ, ಒಂದೇ ತಳಿ, ಕಡಿಮೆ ಇಳುವರಿ ಇರುವ ಕುಟುಂಬಕ್ಕೆ ಒಂದು ವರ್ಷ ಕೈಬಿಟ್ಟರೆ ಮುಂದಿನ ವರ್ಷ ಮಾರಲು ಬಾಟಲಿಯೇ ಇರುವುದಿಲ್ಲ. ನಮ್ಮಲ್ಲಿ ಹಿಮದ ಬದಲು ಅಕಾಲದ ಮಳೆ, ಆಲಿಕಲ್ಲು. ಆದ್ದರಿಂದ ಒಂದು ವರ್ಷದ ಖರ್ಚಿಗೆ ಆಗುವಷ್ಟು ಆದಾಯ ಬೇರೆ ಬೆಳೆಯಿಂದಲೋ ಹೈನಿನಿಂದಲೋ ಬರುವಂತಿದ್ದರೆ ಮಾತ್ರ ಈ ಸಾಹಸ ಮಾಡಬಹುದು.

ನಮ್ಮ ಬೆಳೆಗಾರರು ಅನುಸರಿಸಬಹುದಾದ ಕ್ರಮಗಳು

1. ಮೊದಲು ತೋಟದ ಹತ್ತನೆಯ ಒಂದು ಭಾಗದಲ್ಲಿ ಮಾತ್ರ ಪ್ರಾರಂಭಿಸಿ. ಕನಿಷ್ಠ ಮೂರು ವರ್ಷ ಖರ್ಚು, ಇಳುವರಿ, ರೋಗದ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ದೊರೆಯಲು ಪರಿವರ್ತನೆಯ ಅವಧಿಯೂ ಮೂರು ವರ್ಷವೇ. ಆ ಅವಧಿಯಲ್ಲಿ ಇಳುವರಿ ಇಳಿಯುತ್ತದೆ, ಹೆಚ್ಚಿನ ಬೆಲೆ ಇನ್ನೂ ಬರುವುದಿಲ್ಲ. ನಿಜವಾದ ಪರೀಕ್ಷೆಯ ಕಾಲ ಅದು.

2. ಮಳೆಗಾಲದಲ್ಲಿ ಸಾಲುಗಳ ನಡುವೆ ಅಪ್ಸೆಣಬು, ಅಲಸಂದೆ ಅಥವಾ ಹುರುಳಿ ಬಿತ್ತಿ, ಹೂ ಬಿಡುವ ಹಂತದಲ್ಲಿ ಕೊಯ್ದು ಅಲ್ಲಿಯೇ ಹೊದಿಕೆ ಮಾಡಿ. ಕಳೆನಾಶಕದ ಅವಶ್ಯಕತೆ ಇದರಿಂದಲೇ ಬಹುಮಟ್ಟಿಗೆ ತಪ್ಪುತ್ತದೆ. ವೈನ್ ಮಾಡದವರಿಗೂ ಇದು ಲಾಭವೇ.

3. ಗೊಂಚಲಿನ ಸುತ್ತಲಿನ ಎಲೆಗಳನ್ನು ಬೆಳಗಿನ ಬಿಸಿಲು ಬೀಳುವ ಬದಿಯಲ್ಲಿ ತೆಗೆದು ಗಾಳಿ ಆಡುವಂತೆ ಮಾಡಿ. ಶೆನಿನ್ ಬ್ಲಾಂಕಿನ ಒತ್ತಾದ ಗೊಂಚಲಿಗೆ ಗಾಳಿಗಿಂತ ಮಿಗಿಲಾದ ಔಷಧಿಯಿಲ್ಲ. ಮಧ್ಯಾಹ್ನದ ಬಿಸಿಲಿನ ಬದಿಯ ಎಲೆಗಳನ್ನು ಉಳಿಸಿ. ಇಲ್ಲವಾದರೆ ಹಣ್ಣು ಸುಡುತ್ತದೆ.

4. ಪ್ರತಿ ಸಿಂಪರಣೆಯಲ್ಲಿ ಹೋದ ತಾಮ್ರದ ಲೆಕ್ಕವಿಡಿ. ಮೂರು ವರ್ಷಕ್ಕೊಮ್ಮೆ ಮಣ್ಣಿನಲ್ಲಿ ತಾಮ್ರವನ್ನೂ ಪರೀಕ್ಷೆ ಮಾಡಿಸಿ.

5. ವೈನಿಗೆ ಬೆಳೆಯುವ ಹಣ್ಣನ್ನು ಬೆಳಗಿನ ಜಾವ ತಂಪಿನಲ್ಲಿ ಕೊಯ್ದು, ಆಳವಿಲ್ಲದ ಕ್ರೇಟುಗಳಲ್ಲಿ ತುಂಬಿ, ಬಿಸಿಲು ಏರುವ ಮುಂಚೆ ಹಿಂಡುವ ಜಾಗಕ್ಕೆ ಮುಟ್ಟಿಸಿ. ಕೊಯ್ಲಿನ ದಿನವನ್ನು ಸಕ್ಕರೆಯೊಂದನ್ನೇ ನೋಡಿ ಗೊತ್ತುಮಾಡದೆ ರಸಸಾರವನ್ನೂ ನೋಡಿ ಗೊತ್ತುಮಾಡಿ.

6. ಮಾರಾಟಕ್ಕಾಗಿ ವೈನ್ ತಯಾರಿಸಲು ಅಬಕಾರಿ ಇಲಾಖೆಯ ಪರವಾನಗಿ ಅವಶ್ಯಕ. ರಾಜ್ಯದಲ್ಲಿ 2007ರ ದ್ರಾಕ್ಷಿ ಸಂಸ್ಕರಣಾ ಮತ್ತು ವೈನ್ ನೀತಿ ಬಂದ ಮೇಲೆ ಸಣ್ಣ ಘಟಕಗಳಿಗೆ ದಾರಿ ಸುಗಮವಾಗಿದೆ. ಆದರೂ ಹಿಂಡುವ ಯಂತ್ರ, ತಂಪುಮಾಡುವ ತೊಟ್ಟಿ, ಪ್ರಯೋಗಶಾಲೆ ಇವೆಲ್ಲ ಒಬ್ಬರ ಶಕ್ತಿಗೆ ಮೀರಿದವು. ನಾಲ್ಕಾರು ಬೆಳೆಗಾರರು ಕೂಡಿ ಯೋಚಿಸುವುದು ಒಳ್ಳೆಯದು.

ಕೊನೆಯ ಮಾತು

ಒಟ್ಟಿನಲ್ಲಿ ಈ ತೋಟದ ಯಶಸ್ಸು ನಾಲ್ಕು ಕಂಬಗಳ ಮೇಲೆ ನಿಂತಿದೆ: ಮಣ್ಣಿನ ಆರೈಕೆ, ಆಯ್ದು ಮಾಡಿದ ಕೊಯ್ಲು, ತಂಪಾದ ಹವೆ, ತನ್ನದೇ ಹೆಸರಿನ ಮಾರಾಟ. ಮೊದಲೆರಡನ್ನು ನಮ್ಮ ಯಾವ ಬೆಳೆಗಾರರೂ ನಾಳೆಯಿಂದಲೇ ಮಾಡಬಹುದು. ತಿನ್ನುವ ದ್ರಾಕ್ಷಿಗೂ ಅವು ಒಳ್ಳೆಯವು. ಮೂರನೆಯದನ್ನು ಹಣ ಕೊಟ್ಟು ಕೊಳ್ಳಬೇಕು. ನಾಲ್ಕನೆಯದನ್ನು ಕಟ್ಟಲು ವರ್ಷಗಳು ಬೇಕು. ನಾಲ್ಕೂ ಕೈಗೂಡದೆ ಕಡಿಮೆ ಇಳುವರಿಯನ್ನು ಮಾತ್ರ ಅನುಕರಿಸಿದವರಿಗೆ ಉಳಿಯುವುದು ಸಾಲ.

ಆಸಕ್ತಿಯುಳ್ಳವರು ಮೊದಲು ತಮ್ಮ ತೋಟದ ಮಣ್ಣು ಮತ್ತು ನೀರನ್ನು ಪರೀಕ್ಷೆ ಮಾಡಿಸಿ, ಆ ವರದಿಯೊಡನೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತೋಟಗಾರಿಕೆ ಇಲಾಖೆಯ ಅಧಿಕಾರಿಗಳನ್ನಾಗಲಿ ಕಂಡು, ತಮ್ಮ ತೋಟಕ್ಕೆ ಹೊಂದುವ ಕ್ರಮಗಳನ್ನು ಗೊತ್ತುಮಾಡಿಕೊಳ್ಳಬೇಕು. ಮುಂದಿನ ಚಾಟನಿಗೆ ಮುಂಚೆಯೇ ಪ್ರಯೋಗದ ತಾಕನ್ನು ಗುರುತಿಸಿ, ಅದರಲ್ಲಿ ಹಸಿರೆಲೆ ಗೊಬ್ಬರದ ಬೀಜ ಬಿತ್ತುವುದರಿಂದ ಕೆಲಸ ಪ್ರಾರಂಭಿಸಬಹುದು.